ಅತಿಮಧುರದ ಬೇರು ಮತ್ತು ನನ್ನ ಜೋಗುಳ

ತಂಗಿಯ ಮೊಮ್ಮಗುವಿನ ನಾಮಕರಣದಲ್ಲಿ ಜೋಗುಳ ನಾನೇ ಹಾಡುವುದೆಂದು ತೀರ್ಮಾನವಾಗಿತ್ತು. ತೀರ್ಮಾನಿಸಿದವಳೂ ನಾನೇ. ಶಿವಮೊಗ್ಗದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಕೂಗಿ ನನ್ನ ಗಂಟಲು ಕೆಟ್ಟಿರುವುದು ಎಲ್ಲರಿಗೂ ಗೊತ್ತು. ಅದನ್ನು ರಿಪೇರಿ ಮಾಡಬಹುದೆಂಬ ನಂಬಿಕೆ ಮಾತ್ರ ನನ್ನೊಬ್ಬಳದು.

ಗಾಂಧಿ ಬಜಾರಿನಲ್ಲಿ ಗಿಡಮೂಲಿಕೆ ಮಾರುವ ಅಂಗಡಿಗೆ ಹೋಗಿ ಅತಿಮಧುರದ ಬೇರು ಕೇಳಿದೆ.

"ಒಂದು ಚೂರು ಬಾಯಲ್ಲಿ ಇಟ್ಕೊಳ್ಳಿ ಮೇಡಂ, ಗಂಟಲಿಗೆ ಒಳ್ಳೇದು" ಎಂದರು ಅಂಗಡಿಯವರು.

ಒಂದು ಚೂರು ಒಳ್ಳೆಯದಾದರೆ ಹಿಡಿ ತುಂಬ ಎಷ್ಟು ಒಳ್ಳೆಯದು? ಗಣಿತದ ಟೀಚರಿಗೆ ಈ ಲೆಕ್ಕವೇನು ಕಷ್ಟ! ಬೆಳಿಗ್ಗೆ ಕಷಾಯ, ಕ್ಲಾಸಿನಲ್ಲಿ ದವಡೆಗೊಂದು ಕಡ್ಡಿ, ಸಂಜೆ ಮತ್ತೆ ಕಷಾಯ. ಸಿಹಿಯೂ ಇತ್ತು, ಬಿಡಲು ಮನಸ್ಸಾಗಲಿಲ್ಲ.

"ನಿಂಗೆ ಬಿಪಿ ಇದೆ ಮಾರಾಯ್ತಿ, ಡಾಕ್ಟರನ್ನ ಒಂದು ಮಾತು ಕೇಳು" ಎಂದರು ನನ್ನವರು.

"ಬೇರು ತಿನ್ನೋಕೂ ಡಾಕ್ಟರನ್ನ ಕೇಳ್ತಾರಾ? ಇದೇನು ಇಂಗ್ಲಿಷ್ ಮಾತ್ರೆನಾ!" ಎಂದು ಅವರ ಬಾಯಿ ಮುಚ್ಚಿಸಿದೆ.

ಕೆಲವು ವಾರಗಳಲ್ಲಿ ಗಂಟಲು ನಿಜಕ್ಕೂ ಮೆತ್ತಗಾಯಿತು. ಜೊತೆಗೆ ಬಳೆ ಬಿಗಿಯಾಯಿತು, ಚಪ್ಪಲಿ ಕಾಲಿಗೆ ಹಿಡಿಯದಾಯಿತು. ನಾಮಕರಣಕ್ಕೆ ಭದ್ರಾವತಿಯಲ್ಲಿರುವ ತಂಗಿಯ ಕ್ವಾರ್ಟರ್ಸಿಗೆ ಹೋದಾಗ ಅವಳು ನನ್ನ ಕೆನ್ನೆ ಹಿಡಿದು, "ಏನಕ್ಕಾ, ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದೀಯ!" ಎಂದಳು. ನಾನು ಹಿಗ್ಗಿ ಸೆರಗು ಸರಿಮಾಡಿಕೊಂಡೆ. ಅದು ಬಾವು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ತೊಟ್ಟಿಲ ಪಕ್ಕದ ಚಾಪೆಯಲ್ಲಿ ಕೂತು ಹಾಡಿದೆ. ಚಪ್ಪಾಳೆ ಬಿತ್ತು. ಏಳಲು ಹೋದರೆ ತೊಡೆಗಳಲ್ಲಿ ಶಕ್ತಿಯೇ ಇಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ, ಆಗಲಿಲ್ಲ. ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಇನ್ನೊಂದು ಹಾಡು ಶುರುಮಾಡಿದೆ. ಅದು ಮುಗಿದರೂ ಏಳಲಾಗದೆ ಮತ್ತೊಂದು. ನಿದ್ದೆ ಹೋಗಿದ್ದ ಮಗು ಎದ್ದು ಕಿರುಚತೊಡಗಿತು.

"ಸಾಕು ಅತ್ತಿಗೆ, ಊಟಕ್ಕೆ ಏಳಿ" ಎಂದರು ತಂಗಿಯ ಗಂಡ.

"ಏಳೋಕೆ ಆಗ್ತಿಲ್ಲ" ಎಂದೆ. ಅಳು ಬಂದೇಬಿಟ್ಟಿತು.

ಇಬ್ಬರು ಹಿಡಿದು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದರು. ಬಿಪಿ ನೋಡಿದ ಡಾಕ್ಟರಮ್ಮ ಹುಬ್ಬೇರಿಸಿ ರಕ್ತ ಪರೀಕ್ಷೆಗೆ ಬರೆದರು. ಪೊಟ್ಯಾಷಿಯಂ ತೀರಾ ಇಳಿದಿತ್ತು.

"ಏನಾದ್ರೂ ಬೇರೆ ಔಷಧಿ ತಗೋತಿದೀರಾ?"

"ಇಲ್ಲ. ಬರೀ ಅತಿಮಧುರ" ಎಂದೆ, ಕೊಂಚ ಹೆಮ್ಮೆಯಿಂದಲೇ.

ಅವರು ಪೆನ್ನು ಕೆಳಗಿಟ್ಟರು. "ಅದೂ ಔಷಧಿನೇ ಅಮ್ಮಾ. ಕೆಮ್ಮು, ಗಂಟಲಿಗೆ ಸ್ವಲ್ಪ ದಿನ ಸ್ವಲ್ಪ ತಗೊಳ್ಳೋ ಪದ್ಧತಿ ಇದೆ. ಹೀಗೆ ದಿನಾ ತಿಂದ್ರೆ ಮೈಯಲ್ಲಿ ಉಪ್ಪು, ನೀರು ಎರಡೂ ನಿಲ್ಲುತ್ತೆ, ಬಿಪಿ ಏರುತ್ತೆ, ಪೊಟ್ಯಾಷಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರೋರು, ಬಸುರಿಯರು ಇದನ್ನ ತಿನ್ನಲೇಬಾರದು. ಪುಣ್ಯ, ಬೇಗ ಬಂದ್ರಿ."

ಎರಡು ದಿನ ಅಲ್ಲೇ ಇಟ್ಟುಕೊಂಡರು. ನನ್ನವರು ಶಿವಮೊಗ್ಗದಿಂದ ಬಂದು ಹಾಸಿಗೆಯ ಪಕ್ಕ ಕೂತರು. ಅಂದದ್ದು ಒಂದೇ ಮಾತು: "ಮೂರು ಹಾಡು ಹಾಡಿದ್ಯಂತೆ?"

ಅತಿಮಧುರ ಬಿಟ್ಟ ಮೇಲೂ ಬಾವು ಇಳಿದು, ಬಿಪಿ ಹಿಡಿತಕ್ಕೆ ಬರಲು ವಾರಗಳೇ ಹಿಡಿದವು. ಮತ್ತೆ ಕೆಲಸಕ್ಕೆ ಹೋದ ದಿನ ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ದನಿ ಮೇಲಿನ ಸ್ವರಕ್ಕೆ ಏರಲಾರದೆ ಕಿರ್ರೆಂದಿತು. ಮುಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು. ಗದರೋಣವೆಂದುಕೊಂಡೆ. ನಗುವೇ ಬಂತು.