ಅತ್ತೆಯ ಕಂಪ್ಯೂಟರಿನ ವಯಸ್ಸು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗಗಳ ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ನಮ್ಮತ್ತೆ ಬರೆಯುವುದು ಅದರಲ್ಲೇ. ಈಚೆಗೆ ಅದು ಆನ್ ಆಗುವಷ್ಟರಲ್ಲಿ ಕಾಫಿ ಕಾಸಿ, ಕುಡಿದು, ಲೋಟ ತೊಳೆದಿಡಬಹುದು. ರಿಪೇರಿಯವನಿಗೆ ಫೋನ್ ಮಾಡಿದರೆ "ಎಷ್ಟು ವರ್ಷದ್ದು ಮೇಡಂ?" ಎಂದು ಕೇಳಿದ. ಆ ಪ್ರಶ್ನೆಯಿಂದಲೇ ಮನೆಯಲ್ಲಿ ಜಟಾಪಟಿ ಶುರುವಾಯಿತು.

"ನಿಮ್ಮ ಮಾವ ಇದ್ದಾಗ್ಲೇ ಬಂದಿದ್ದು," ಎಂದರು ಅತ್ತೆ. "ನಾನು ಬರೆದ ಮೊದಲ್ನೇ ಅಂಚು ಅವ್ರು ನೋಡವ್ರೆ."

"ಇಲ್ಲಮ್ಮ, ಅಪ್ಪ ಹೋದ್ಮೇಲೆ ನಾನೇ ತಂದಿದ್ದು. ಆಟೋದಲ್ಲಿ ತೊಡೆ ಮೇಲಿಟ್ಕೊಂಡು ಬಂದೆ," ಎಂದರು ನನ್ನ ಗಂಡನ ಅಣ್ಣ.

ಅತ್ತೆ ಮುಖ ಚಿಕ್ಕದು ಮಾಡಿಕೊಂಡು ಎದ್ದು ಹೋದರು. ಮಾವ ತಮ್ಮ ಕೆಲಸ ನೋಡಿದ್ದರು ಎಂಬ ನಂಬಿಕೆ ಅವರಿಗೆ ಎಷ್ಟು ದೊಡ್ಡದು ಎಂದು ನನಗೆ ಆಗಲೇ ಗೊತ್ತಾದದ್ದು. ಪಾಪ ಅನ್ನಿಸಿತು. ನನಗೋ ಮೊದಲಿನಿಂದಲೂ ಕೆದಕುವ ಚಟ. ಒಂದು ವಿಷಯ ಇತ್ಯರ್ಥವಾಗದಿದ್ದರೆ ತಿಂದ ಅನ್ನ ಅರಗುವುದಿಲ್ಲ.

ಕಂಪ್ಯೂಟರ್ ಪೆಟ್ಟಿಗೆಯ ಹಿಂದೆ ಕಂಪನಿಯ ಚೀಟಿ ಇರುತ್ತದಲ್ಲ, ಅದನ್ನು ಹುಡುಕಿದೆ. ಪ್ರತಿ ಆಯುಧಪೂಜೆಗೂ ಬಳಿದ ಅರಿಶಿನ ಕುಂಕುಮ ಅದರ ಮೇಲೆ ಗಟ್ಟಿಯಾಗಿ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ ಮೇಲೆ ತಯಾರಾದ ತಿಂಗಳು, ಇಸವಿ ಕಾಣಿಸಿದವು. ಮಾವ ತೀರಿಕೊಂಡು ವರ್ಷವಾದ ಮೇಲಿನ ತಾರೀಖು. ಹೋಗಿ ಹೋಗಿ ಯಾಕಾದರೂ ಒರೆಸಿದೆನೋ ಎಂದು ನನ್ನ ಮೇಲೇ ಸಿಟ್ಟು ಬಂತು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮುಚ್ಚಿಡಲಾಗದೆ ಹೇಳಿಬಿಟ್ಟೆ. ಅಳುತ್ತಾರೇನೋ ಅಂದುಕೊಂಡರೆ ರೇಗಿದರು.

"ಡಬ್ಬ ಬದಲಾಯ್ಸಿದ್ರೆ ಮಿಷನ್ನೇ ಬೇರೆ ಆಗ್ಬಿಡ್ತದಾ? ನಮ್ಮ ಮಗ್ಗಕ್ಕೆ ಮೋಟ್ರು ಹೊಸದು, ಲಾಳಿ ಹೊಸದು. ಆದ್ರೂ ನಿಮ್ಮ ಮಾವನ ಮಗ್ಗ ಅಂತಾನೇ ಅಂತೀವಲ್ಲ?"

ಗಲಾಟೆ ಕೇಳಿ ಬಂದ ಭಾವ ತಲೆ ಕೆರೆದುಕೊಂಡರು. "ಅಯ್ಯೋ, ಹೌದು ಕಣಮ್ಮ. ಮೊದಲು ಒಂದು ಸೆಕೆಂಡ್‌ಹ್ಯಾಂಡ್ ಇತ್ತು, ಸುಟ್ಟೋಯ್ತು. ಒಳಗಿನ ಡಿಸ್ಕ್ ಮಾತ್ರ ಬಿಚ್ಚಿಸಿ ಇದಕ್ಕೆ ಹಾಕ್ಸಿದ್ದೆ. ಮರ್ತೇ ಹೋಗಿತ್ತು."

ಡಿಸ್ಕ್ ಹಳೆಯದಾದರೆ ಫೈಲುಗಳೂ ಹಳೆಯವೇ ಇರಬೇಕು. ತಾರೀಖಿನ ಪ್ರಕಾರ ಜೋಡಿಸಿ ಕೆಳಗೆ ಕೆಳಗೆ ಹೋದೆ. ಕಟ್ಟಕಡೆಗೆ ಒಂದು ಮಾವಿನಕಾಯಿ ಅಂಚು, ಒಂದು ಕಡೆ ವಕ್ರ. ಅದನ್ನು ಸೇವ್ ಮಾಡಿದ ದಿನ, ಮಾವ ಹೋಗುವುದಕ್ಕೆ ಎರಡು ತಿಂಗಳು ಮೊದಲು. ನಾನು ಖುಷಿಯಿಂದ ಕೂಗಿಯೇಬಿಟ್ಟೆ.

ಅತ್ತೆ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ಅತ್ತೆ, ಇದನ್ನ ನೋಡಿ ಮಾವ ಏನಂದಿದ್ರು?"

"ಏನೂ ಅನ್ಲಿಲ್ಲಮ್ಮ. ನೆಂಟರು ಬಂದ್ರೂ ಮಗ್ಗ ನಿಲ್ಲಿಸ್ತಿರ್ಲಿಲ್ಲ ಆ ಮನುಷ್ಯ. ಅವತ್ತು ನಿಲ್ಲಿಸಿ ಬಂದ್ರು."