ನಟ್ಟಿನ ಮೇಲಿನ ಕುಂಕುಮ

ಗಂಡ ಸತ್ತ ಮೇಲೆ ನಾನು ಹಣೆಗೆ ಕುಂಕುಮ ಇಟ್ಟುಕೊಂಡವಳಲ್ಲ. ನಟ್ಟಿಗೆ ಇಡುತ್ತಿದ್ದೆ. ಹಿಂದೂಪುರದಿಂದ ಪರಿಗಿಗೆ ಹೋಗುವ ರಸ್ತೆಯಲ್ಲಿ ನನ್ನ ತಮ್ಮನ ಶೆಡ್ಡಿತ್ತು. ಅಲ್ಲಿಗೆ ಬಂದ ಲಾರಿ, ಟ್ರ್ಯಾಕ್ಟರು, ಜೀಪು, ಯಾವುದರ ಕೆಲಸ ಮುಗಿದರೂ ಕೊನೆಗೆ ನನ್ನ ಬೆರಳು ಅದರ ಮೇಲೆ ಆಡಲೇಬೇಕಿತ್ತು.

ನಾವು ಮಗ್ಗದವರು. ಅಪ್ಪನ ಮಗ್ಗ ಅಪ್ಪನ ಜೊತೆಗೇ ಹೋಯಿತು. ತಮ್ಮ ಕಬ್ಬಿಣಕ್ಕೆ ಕೈ ಹಾಕಿದ. ಒಂದು ಹಳೇ ಲೇತು, ಒಂದು ಡ್ರಿಲ್ಲು, ಗ್ಯಾಸ್ ವೆಲ್ಡಿಂಗು. ಅವನಿಗೆ ಬೇಯಿಸಿ ಹಾಕಲು ಅಂತ ಬಂದವಳು ನಾನು. ಒಬ್ಬನಿಗೆ ಮುದ್ದೆ ತಿರುವಲು ಎಷ್ಟು ಹೊತ್ತು ಬೇಕು? ಉಳಿದ ಹೊತ್ತಿನಲ್ಲಿ ಸಾಮಾನು ಸೀಮೆಎಣ್ಣೆಯಲ್ಲಿ ತೊಳೆದೆ, ಅರ ಹಿಡಿದು ಚೂಪು ಅಂಚು ಉಜ್ಜಿದೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಅರ ಉಜ್ಜಲು ಅಷ್ಟೂ ಬೇಕಿಲ್ಲ.

ಕುಂಕುಮ ಇಡುವುದಕ್ಕೆ ಮಾತ್ರ ತಮ್ಮ ಪಾಠ ಹೇಳಿಕೊಟ್ಟ.

"ಬೊಟ್ಟು ಇಡಬ್ಯಾಡ ಕಣಕ್ಕ, ಗೆರೆ ಎಳಿ. ನಟ್ಟಿನ ತಲೆಯಿಂದ ಕೆಳಗಿನ ತಗಡಿಗೆ ಇಳಿಯೋ ಹಂಗೆ."

"ಯಾಕ್ಲಾ, ದೇವರಿಗೆ ಬೊಟ್ಟು ಸಾಲ್ದಾ?"

"ದೇವರಿಗಲ್ಲ, ನನಗೆ. ನಟ್ಟು ತಿರುಗಿದ್ರೆ ಗೆರೆ ಮುರೀತದೆ. ನೋಡಿದೇಟಿಗೆ ಗೊತ್ತಾಯ್ತದೆ."

ಬಣ್ಣ ಬಳಿಯಬಹುದಿತ್ತು. ಬಣ್ಣ ಕಂಡರೆ ಗಿರಾಕಿ ಇದೇನು ಗಲೀಜು ಅಂತ ಉಗುರಿನಲ್ಲಿ ಕೆರೆಯುತ್ತಾನೆ. ಕುಂಕುಮವನ್ನು ಯಾರೂ ಕೆರೆಯುವುದಿಲ್ಲ. ಹರಳೆಣ್ಣೆಯಲ್ಲಿ ಕಲಸಿ ಎಳೆದರೆ ಧೂಳು ಕೂತು ಗಟ್ಟಿಯಾಗಿ ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಮುಂಡೆಯಾದವಳು ಕುಂಕುಮ ಮುಟ್ಟಬಾರದು ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ತಮ್ಮನಿಗೆ ಮದುವೆಯಾಗಿರಲಿಲ್ಲ, ಶೆಡ್ಡಿನಲ್ಲಿ ಬೇರೆ ಹೆಂಗಸಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತೊಂಬತ್ತರ ಆಚೀಚೆ ಇರಬೇಕು, ಚಿಕ್ಕ ಕಾರುಗಳು ನಮ್ಮ ಕಡೆಗೂ ಬರತೊಡಗಿದ್ದವು. ಕಲ್ಯಾಣದುರ್ಗದ ಕಡಲೆಕಾಯಿ ಮಿಲ್ಲಿನವರ ಕಿರಿಯ ಮಗ ಒಂದು ಕೆಂಪು ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಮೀಸೆ ತಿದ್ದುವ ವಯಸ್ಸು. ಕಾರಿನ ಎಂಜಿನ್ನು ಬೆಂಗಳೂರಿನಲ್ಲಿ ಬಿಚ್ಚಿಸಿ ಓಟ ಏರಿಸಿಕೊಂಡು ಬಂದಿದ್ದ. ನಿಂತಲ್ಲೇ ಗುರುಗುಟ್ಟುತ್ತಿತ್ತು. ಯಾವುದೋ ಹೊರದೇಶದ ಪುಸ್ತಕದಿಂದ ಹರಿದ ಹಾಳೆ ತೋರಿಸಿದ. ಅದರಲ್ಲಿದ್ದ ಕಾರಿನ ಮುಂದಿನ ಎರಡು ಚಕ್ರಗಳ ತಲೆ ಒಳಕ್ಕೆ ಬಾಗಿತ್ತು, ಪಾದ ಹೊರಕ್ಕೆ ಚಾಚಿತ್ತು.

ನಾನು ಅಂದೆ, "ನೆಟ್ಟಗಿರೋದನ್ನ ಸೊಟ್ಟ ಮಾಡ್ಸಕ್ಕೆ ಬಂದ ಗಿರಾಕಿ ನೀನೊಬ್ಬನೇ ಕಣಪ್ಪ."

"ನೀಕು ತೆಲೀದುಲೇ ಅಕ್ಕಾ, ನಿಂಗೆ ತಿಳಿಯಲ್ಲ," ಅಂತ ನಕ್ಕ. ಅವರ ಮನೆ ಮಾತು ತೆಲುಗು, ನಮ್ಮ ಹತ್ತಿರ ಎರಡನ್ನೂ ಕಲಸಿ ಆಡುತ್ತಿದ್ದ. "ಜೋರಾಗಿ ತಿರುಗಿಸಿದಾಗ ಕಾರು ಹೊರಕ್ಕೆ ವಾಲ್ತದಲ್ಲ, ಆಗ ಈ ಸೊಟ್ಟ ಚಕ್ರ ನೆಟ್ಟಗಾಯ್ತದೆ. ರೋಡು ಬಿಡಲ್ಲ."

"ಮೆಲ್ಲಕೆ ತಿರುಗಿಸಿದ್ರೆ?"

"ಮೆಲ್ಲಕೆ ಹೋಗಕ್ಕೆ ಬಸ್ಸಿಲ್ವಾ ಅಕ್ಕಾ?"

ತಮ್ಮನೂ ನಕ್ಕ. ಅವನಿಗೆ ಹೊಸ ಕೆಲಸ ಅಂದರೆ ಹಸಿವು. ಬಾನೆಟ್ಟು ಎತ್ತಿ ನೋಡಿದ. ಎಡಕ್ಕೊಂದು ಬಲಕ್ಕೊಂದು, ಮುಂದಿನ ಚಕ್ರದ ಕುಲುಕಾಟ ತಡೆಯುವ ಶಾಕಿನ ತಲೆ ಅಲ್ಲಿಗೆ ಬಂದು ಕೂರುತ್ತದೆ, ಮೂರು ಮೂರು ನಟ್ಟು ಅದನ್ನು ಹಿಡಿದಿರುತ್ತವೆ. ಲಾರಿ ಚಾಸಿಯ ದಪ್ಪ ಕಬ್ಬಿಣ ಕತ್ತರಿಸಿ ಎರಡು ಪ್ಲೇಟು ಮಾಡಿದ, ನಡುವೆ ಬೇರಿಂಗು ಕೂರಿಸಿದ. ನಟ್ಟು ಬರುವ ಕಡೆ ದುಂಡು ತೂತಿನ ಬದಲು ಉದ್ದ ಕಂಡಿ. ಡ್ರಿಲ್ಲಿನಲ್ಲಿ ಸಾಲಾಗಿ ತೂತು ಹೊಡೆದು ಕೊಟ್ಟ, ನಾನು ಅರದಲ್ಲಿ ಉಜ್ಜಿ ಒಂದಕ್ಕೊಂದು ಸೇರಿಸಿದೆ. ನಟ್ಟು ಸಡಿಲಿಸಿ ಪ್ಲೇಟನ್ನು ಎಂಜಿನ್ನಿನ ಕಡೆ ತಳ್ಳಿದರೆ ಶಾಕಿನ ತಲೆ ಒಳಕ್ಕೆ ಬರುತ್ತದೆ, ಚಕ್ರದ ತಲೆಯೂ ಅದರ ಹಿಂದೆ ಬರುತ್ತದೆ. ಮತ್ತೆ ಬಿಗಿದರೆ ಅಲ್ಲೇ ನಿಲ್ಲುತ್ತದೆ. ಎಷ್ಟು ಬಾಗಿತು ಅಂತ ನೋಡಲು ಮಗ್ಗದ ನೂಲಿಗೆ ಒಂದು ನಟ್ಟು ಕಟ್ಟಿ ಚಕ್ರದ ಪಕ್ಕ ಇಳಿಬಿಟ್ಟೆವು. ನೂಲು ಹಿಡಿದವಳು ನಾನು. ತಮ್ಮ ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ನೂಲಿಗೂ ಚಕ್ರಕ್ಕೂ ನಡುವಿನ ಸಂದು ಅಳೆದ. ಸಾಕು ಅನ್ನಿಸಿದ ಕಡೆ ತಗಡಿನ ಮೇಲೆ ಉಳಿಯಲ್ಲಿ ಒಂದು ಗುರುತು ಹೊಡೆದ.

"ಇದನ್ನ ದಾಟಬಾರದು," ಅಂದ ಮಿಲ್ಲಿನವರ ಮಗನಿಗೆ. "ಜರುಗಿಸಬೇಕು ಅಂದ್ರೆ ಇಲ್ಲಿಗೇ ಬಾ. ಜರುಗಿಸಿದ ಮ್ಯಾಲೆ ಬಿಗಿಯೋದೈತಲ್ಲ, ಅದೇ ಕೆಲಸ. ಸಡಿಲ ಉಳಿದ್ರೆ ಓಡ್ತಾ ಓಡ್ತಾನೇ ಚಕ್ರ ಮೊಖ ತಿರುಗಿಸ್ತದೆ."

"ಸರಿ ಅಣ್ಣಾ, ಸರಿ."

ಅವನು ಅಂಗಡಿಗೆ ಸಿಗರೇಟಿಗೆ ಹೋದಾಗ ನಾನು ತಮ್ಮನಿಗೆ ಹೇಳಿದೆ. "ಎರಡು ಕಡೆ ಬೆಸುಗೆ ಹಾಕ್ಬುಡು. ಆ ಕೈ ಸುಮ್ಕಿರೋ ಕೈಯಲ್ಲ."

"ಬೆಸುಗೆ ಹಾಕೋದಾದ್ರೆ ಇಷ್ಟೆಲ್ಲ ಯಾಕಕ್ಕ ಮಾಡಬೇಕಿತ್ತು? ಜರುಗೋದೇ ಇದರ ಕೆಲಸ."

ನಾನು ಆರು ನಟ್ಟಿಗೂ ಗೆರೆ ಎಳೆದೆ. ನಿಂಬೆಹಣ್ಣು ತುಳಿದುಕೊಂಡು ಕಾರು ಹೋಯಿತು. ಶೆಡ್ಡು ಅದುರುವಂತೆ ಹೋಯಿತು.

ಮತ್ತೊಂದು ಸಲ ಬಂದ. ಮುಂದಿನ ಟೈರುಗಳ ಒಳಮಗ್ಗುಲು ಇಲಿ ತಿಂದ ಹಾಗೆ ಸವೆದಿತ್ತು. ಸೊಟ್ಟ ನಿಂತದ್ದು ಸೊಟ್ಟ ಸವೆಯುತ್ತದೆ. ಗೆರೆಗಳು ಆರೂ ನೆಟ್ಟಗಿದ್ದವು. ತಮ್ಮ ಆದರೂ ಒಂದೊಂದನ್ನೂ ಬಿಗಿದು ನೋಡಿದ, ನಾನು ಹಳೇ ಗೆರೆ ಒರೆಸಿ ಹೊಸದು ಎಳೆದೆ. ಇನ್ನೊಂದಿಷ್ಟು ಒಳಕ್ಕೆ ತಳ್ಳು ಅಂತ ಅವನು ಕೇಳಿದ. ತಮ್ಮ ಒಪ್ಪಲಿಲ್ಲ. ಹುಡುಗ ಮುಖ ಊದಿಸಿಕೊಂಡು ಹೋದ.

ಆಮೇಲೆ ಬಂದದ್ದು ಕಾರಲ್ಲ, ಮಿಲ್ಲಿನ ಆಳು. ಕಂಬದೂರು ದಾಟಿದ ಮೇಲಿನ ತಿರುವಿನಲ್ಲಿ ಕಾರು ರಸ್ತೆ ಬಿಟ್ಟು ನುಗ್ಗಿದೆ. ಪಕ್ಕದಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ಅಲ್ಲೇ ಸತ್ತಿದ್ದಾನೆ. ಮಿಲ್ಲಿನವರ ಮಗನ ಕಾಲು ಮುರಿದಿದೆ. ಪ್ಲೇಟು ಕೈಕೊಟ್ಟಿತು, ಸ್ಟೇರಿಂಗು ತಾನೇ ಎಳೆದುಕೊಂಡಿತು ಅಂತ ಅವನ ಹೇಳಿಕೆ.

ಆಳು ಬಾಗಿಲಲ್ಲೇ ನಿಂತು ಹೇಳಿದ, "ಸಾವ್ಕಾರು ಬರಾಕೆ ಹೇಳವ್ರೆ. ನಾಳೆ ಪಂಚಾಯ್ತಿ. ಬರ್ನಿಲ್ಲ ಅಂದ್ರೆ ಸ್ಟೇಷನ್ಗೆ ನಿನ್ನ ಹೆಸರು ಬರೆದು ಕೊಡ್ತಾರಂತೆ. ಒಂದು ಜೀವ ಹೋಗೈತೆ ಕಣಪ್ಪ."

ಆ ರಾತ್ರಿ ತಮ್ಮ ಊಟ ಮಾಡಲಿಲ್ಲ. ಕೊಲೆಯ ಹಾಗೆ ಇದೂ ಒಂದು ಕೇಸು. ಒಳಗೆ ಹೋದರೆ ಲೇತು ಹೋಗುತ್ತದೆ, ಶೆಡ್ಡು ಹೋಗುತ್ತದೆ, ಅವನಿಗೆ ಹೆಣ್ಣು ಕೊಡುತ್ತೇವೆ ಅಂದಿದ್ದವರೂ ಹೋಗುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿದೆವು. ರೊದ್ದಂ ಹತ್ತಿರ ಅವನು ಒಂದೇ ಮಾತು ಆಡಿದ. "ಗೆರೆ ನೋಡಿದ್ರೆ ಗೊತ್ತಾಯ್ತದೆ ಅಲ್ವೇನಕ್ಕ?"

"ಗೊತ್ತಾಯ್ತದೆ," ಅಂದೆ.

ಮಿಲ್ಲಿನ ಅಂಗಳದಲ್ಲಿ ಕಡಲೆಕಾಯಿ ಸಿಪ್ಪೆಯ ರಾಶಿ. ಅದರ ಪಕ್ಕ ಟಾರ್ಪಾಲು ಹೊದಿಸಿದ ಕಾರು. ಹಿರಿಯರು ನಾಲ್ಕೈದು ಜನ ಬೆಂಚಿನ ಮೇಲೆ. ಸಾವ್ಕಾರನ ಮುದಿ ತಾಯಿ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಕಾರು ಓಡಿಸಿದ ಮಗ ಮಂಚದ ಮೇಲೆ, ಕಾಲಿಗೆ ಹಿಟ್ಟಿನ ಪಟ್ಟಿ ಕಟ್ಟಿಸಿಕೊಂಡು. ಸತ್ತವನ ಹೆಂಡತಿ ನೆಲದ ಮೇಲೆ ಕೂತಿದ್ದಳು. ಹಣೆ ಒರೆಸಿದ ಕಡೆ ಬೆಳ್ಳಗೆ ಕಾಣುತ್ತಿತ್ತು.

ತಮ್ಮ ಎಲ್ಲರ ಎದುರಿಗೇ ಬಾನೆಟ್ಟು ಎತ್ತಿಸಿದ. ಬಾಗಿ ಹೋಗಿತ್ತು, ಇಬ್ಬರು ಎಳೆಯಬೇಕಾಯಿತು. ಎಡಗಡೆ ಮೂರು ಗೆರೆಯೂ ನಾನು ಎಳೆದ ಹಾಗೇ ಇದ್ದವು. ಬಲಗಡೆ ಪ್ಲೇಟು ಉಳಿಯ ಗುರುತು ದಾಟಿ ಒಳಕ್ಕೆ ಹೋಗಿತ್ತು. ಎರಡು ನಟ್ಟಿನ ಗೆರೆ ಮುರಿದಿತ್ತು, ತಲೆಯ ಮೇಲಿನ ತುಂಡು ಒಂದು ಕಡೆ, ತಗಡಿನ ಮೇಲಿನ ತುಂಡು ಇನ್ನೊಂದು ಕಡೆ. ಬೆರಳಿನಲ್ಲೇ ತಿರುಗುತ್ತಿದ್ದವು.

"ಸಡಿಲ ಆಗವೆ," ಅಂದ ಸಾವ್ಕಾರ. "ಅದನ್ನೇ ನಾವೂ ಹೇಳ್ತಿರೋದು. ನೀ ಬಿಗಿದಿದ್ದು ನಿಲ್ಲಲಿಲ್ಲ."

"ಮೂರನೇದು ನೋಡಿ ಸಾವ್ಕಾರೇ," ಅಂದ ತಮ್ಮ.

ಮೂರನೆಯದು ನಮ್ಮ ನಟ್ಟೇ ಅಲ್ಲ. ಯಾವುದೋ ಮಿಲ್ಲಿನ ಯಂತ್ರದ್ದು, ತುಕ್ಕು ಹಿಡಿದದ್ದು. ಹಿರಿಯರು ಬಗ್ಗಿ ನೋಡಿದರು. ಕುರಿಯವನ ಹೆಂಡತಿ ಎದ್ದು ಬಂದಳು. ಯಾರನ್ನೂ ಕೇಳದೆ ಕೈ ಒಳಗೆ ಹಾಕಿ ಒಂದೊಂದೇ ಮುಟ್ಟಿದಳು.

"ಇವಕ್ಕೆಲ್ಲ ಕುಂಕುಮ ಐತೆ. ಧೂಳು ಕುಂತು ಕಲ್ಲಾಗೈತೆ. ಇದಕ್ಕೆ ಕುಂಕುಮವೇ ಇಲ್ವಲ್ಲ?" ಅಂದಳು. "ಇದನ್ನ ಯಾರು ಹಾಕಿದ್ದು?"

ಮಂಚದ ಮೇಲಿದ್ದವನು ಕಾಲಿನ ಬ್ಯಾಂಡೇಜು ನೋಡುತ್ತಿದ್ದ. ಅವನೇ ಬಿಚ್ಚಿದ್ದಾನೆ, ಇನ್ನಷ್ಟು ಒಳಕ್ಕೆ ತಳ್ಳಿದ್ದಾನೆ, ಒಂದು ನಟ್ಟು ಕಳೆದಿದ್ದಾನೆ, ಸಿಕ್ಕಿದ್ದನ್ನು ಹಾಕಿ ಓಡಿಸಿದ್ದಾನೆ. ಅಂಗಳದಲ್ಲಿ ಅದು ತಿಳಿಯದವರು ಒಬ್ಬರೂ ಇರಲಿಲ್ಲ. ಒಬ್ಬ ಹಿರಿಯ ಕೆಮ್ಮಿದ. ಸಾವ್ಕಾರನ ಮುಖ ಕರ್ರಗಾಯಿತು. "ಅದೆಲ್ಲ ಸ್ಟೇಷನ್ನಲ್ಲಿ ತೀರ್ಮಾನ ಆಗ್ಲಿ," ಅಂದ. ಆಳಿನ ಕಡೆ ತಿರುಗಿ, "ಜೀಪು ತೆಗಿಯೋ," ಅಂದ. ಸ್ಟೇಷನ್ನಿಗೆ ಹೋದರೆ ಯಾರ ಮಾತು ನಡೆಯುತ್ತದೆ ಅನ್ನುವುದು ನಮಗೂ ಗೊತ್ತಿತ್ತು. ತಮ್ಮ ಬಾನೆಟ್ಟಿನ ಅಂಚು ಹಿಡಿದುಕೊಂಡು ನಿಂತಿದ್ದ.

ಆಗ ಮುದುಕಿ ಜಗುಲಿಯಿಂದ ಕೇಳಿದಳು. "ಆ ಕುಂಕುಮ ಇಟ್ಟಿದ್ದು ಯಾರು?"

ತಮ್ಮ ಯೋಚಿಸದೆ ಅಂದ, "ನಮ್ಮಕ್ಕ."

ಮುದುಕಿ ನನ್ನ ಹಣೆ ನೋಡಿದಳು. ಎಲ್ಲರೂ ನೋಡಿದರು. ನಾನು ಸೆರಗು ಎಳೆದುಕೊಳ್ಳಲಿಲ್ಲ.

"ಮುಂಡೆ ಕೈಲಿ ಕುಂಕುಮ ಇಡಿಸಿದ್ರಾ?" ಅಂದಳು ಮುದುಕಿ. "ಅಯ್ಯೋ ದೇವುಡಾ! ಅದಕ್ಕೇ ಕಣ್ರೋ. ನನ್ನ ಮೊಮ್ಮಗ ಉಳಿದಿದ್ದೇ ಹೆಚ್ಚು."

ಬೆಂಚಿನ ಮೇಲೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಅಷ್ಟು ಹೊತ್ತು ಗಂಟಲಲ್ಲಿ ಮುಳ್ಳು ಸಿಕ್ಕಿಸಿಕೊಂಡು ಕೂತಿದ್ದ ಗಂಡಸರಿಗೆ ಅದು ಇಳಿದ ಹಾಗಾಯಿತು. ಒಬ್ಬ, "ಅದೂ ಒಂದು ಮಾತೇ," ಅಂದ. ಇನ್ನೊಬ್ಬ, "ಕಬ್ಬಿಣದ್ದೇನು ತಪ್ಪು, ಹುಡುಗರದ್ದೇನು ತಪ್ಪು," ಅಂದ. ಸಾವ್ಕಾರ ನನ್ನ ಮುಂದೆ ಬಂದು ನಿಂತ.

"ಏನಮ್ಮಾ, ನೀನೇನಾ ಇಟ್ಟಿದ್ದು?"

ನನ್ನ ಕೈ ಬಿದ್ದ ಐದು ನಟ್ಟು ಅಲ್ಲೇ ಇವೆ, ಓಡಿಹೋದದ್ದು ಒಂದೇ, ಅದರ ಜಾಗದಲ್ಲಿರುವುದಕ್ಕೆ ನನ್ನ ಕೈ ಸೋಕಿಲ್ಲ. ಈ ಮಾತು ನಾಲಿಗೆ ತುದಿಗೆ ಬಂತು. ಆಳು ಜೀಪಿನ ಕೀಲಿ ಹಿಡಿದು ಇನ್ನೂ ನಿಂತೇ ಇದ್ದ. ನಾನು ತಮ್ಮನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

"ನಾನೇ ಇಟ್ಟೆ ಸಾವ್ಕಾರೇ," ಅಂದೆ. "ತಿಳೀನಿಲ್ಲ."

ಸಾವ್ಕಾರ ಹೆಗಲ ಮೇಲಿನ ಟವೆಲ್ಲು ತೆಗೆದು ಐದು ನಟ್ಟನ್ನೂ ತಾನೇ ಒರೆಸಿದ. ಕುಂಕುಮ ಬೇಗ ಬಿಡಲಿಲ್ಲ, ಉಗುರು ಹಾಕಿ ಕೆರೆದ. ಜೀಪು ತೆಗೆಯಲಿಲ್ಲ. ಸತ್ತವನ ಮನೆಗೆ ಮಿಲ್ಲಿನಿಂದ ಕುರಿ ಕೊಡಿಸುವುದು ಅಂತಾಯಿತು. ಕುರಿ ಅಡ್ಡ ಬಂದದ್ದಕ್ಕೆ ಹಾಗಾಯಿತು ಅಂತ ಆಮೇಲೆ ಸ್ಟೇಷನ್ನಿನಲ್ಲಿ ಎಲ್ಲರೂ ಹೇಳಿದರಂತೆ.

ಹೊರಡುವ ಮುಂಚೆ ಮಿಲ್ಲಿನ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದೆ. ಕುರಿಯವನ ಹೆಂಡತಿ ಬಂದಳು.

"ನಿನ್ನ ಕೈಯಿಂದ ಆಗಿದ್ದಲ್ಲ ಕಣಕ್ಕ."

"ಗೊತ್ತು."

"ಮತ್ಯಾಕೆ ಒಪ್ಕಂಡೆ?"

"ನನ್ನ ತಮ್ಮನ್ನ ವಾಪಸ್ ಕರ್ಕಂಡು ಹೋಗಬೇಕಿತ್ತು."

ಅವಳು ನಲ್ಲಿ ನಿಲ್ಲಿಸಿದಳು. "ನನ್ನ ಗಂಡನ್ನ ಕೊಂದೋನು ಯಾರು ಅಂತ ಇನ್ಯಾರು ಹೇಳ್ತಾರೆ?" ಅಂದಳು. "ನೀ ಒಂದು ಗಳಿಗೆ ಬಾಯಿ ಮುಚ್ಕಂಡಿದ್ರೆ ಆ ಮಂಚದ ಮ್ಯಾಲಿದ್ದೋನೇ ಹೇಳ್ತಿದ್ನೇನೋ."

ಹೇಳುತ್ತಿರಲಿಲ್ಲ. ಅವಳು ಬೆನ್ನು ತಿರುಗಿಸಿ ಹೋದಳು. ಅವಳ ಮುಖ ನೆನಪಿಲ್ಲ, ಹಣೆ ನೆನಪಿದೆ.

ಬಸ್ಸಿನಲ್ಲಿ ತಮ್ಮ ಕಿಟಕಿಯ ಕಡೆ ಕೂತ. ಒಂದು ಮಾತು ಆಡಿದ್ದರೆ ಏನು ಆಡುತ್ತಿದ್ದನೋ, ನಾನು ಕೇಳಿಯೂ ಇಲ್ಲ. ನಮಗಿಂತ ಮೊದಲು ಸುದ್ದಿ ಹಿಂದೂಪುರ ಸೇರಿತ್ತು. ಆ ಶೆಡ್ಡಿನಲ್ಲಿ ಮುಂಡೆ ಕುಂಕುಮ ಇಡುತ್ತಾಳೆ ಅಂತ ಲಾರಿಯವರು ಬೇರೆ ಕಡೆ ತಿರುಗಿದರು. ಒಂದು ದಿನ ತಮ್ಮ ಅರ, ಸೀಮೆಎಣ್ಣೆ ತಟ್ಟೆ ಎಲ್ಲ ಒಂದು ಕಡೆ ಎತ್ತಿಟ್ಟು, "ಅಕ್ಕ, ಸ್ವಲ್ಪ ದಿನ ನೀ ಇತ್ತಕಡೆ ಬರಬ್ಯಾಡ," ಅಂದ. ಹಿಂದುಗಡೆ ಅಡುಗೆಕೋಣೆಗೆ ಹೋದೆ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಅವನ ಮದುವೆಯಾಯಿತು. ಹೆಣ್ಣು ಕೊಟ್ಟರು. ಗಿರಾಕಿಗಳೂ ಮೆಲ್ಲಗೆ ವಾಪಸ್ಸು ಬಂದರು. ಈಗ ಕುಂಕುಮ ಇಡುವುದು ತಮ್ಮನ ಹೆಂಡತಿಯ ಕೆಲಸ. ಅಡುಗೆಕೋಣೆಯ ಕಿಟಕಿಯಿಂದ ನೋಡಿದೆ. ಒಳ್ಳೆಯ ಹುಡುಗಿ, ಮಡಿಯಲ್ಲಿ ಇಡುತ್ತಾಳೆ. ನಟ್ಟಿನ ತಲೆಯ ನಟ್ಟನಡುವೆ, ದುಂಡಗೆ, ಒಂದು ಬೊಟ್ಟು.

ಗೆರೆ ಎಳಿ ಅಂತ ತಮ್ಮ ಅವಳಿಗೆ ಹೇಳಿಲ್ಲ. ನಟ್ಟು ಎಷ್ಟು ಸುತ್ತು ತಿರುಗಿದರೂ ಬೊಟ್ಟು ಅಲ್ಲೇ ಇರುತ್ತದೆ.