ಮುಗಿಯದ ಹಾಸು

ಮೊನ್ನೆ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹಾಕಲು ಕೂತೆ. ವರ್ಷಕ್ಕೊಮ್ಮೆ ಬರುವ ಈ ಕೆಲಸವನ್ನು ಸೊಸೆ ತಾನು ಮಾಡುತ್ತೇನೆಂದರೂ ನಾನು ಬಿಟ್ಟುಕೊಡುವುದಿಲ್ಲ. ಮಂಡಿ ಹಿಡಿದುಕೊಂಡು ಏಳುವಾಗ ಮಾತ್ರ ಅವಳನ್ನೇ ಕೂಗುತ್ತೇನೆ. ಒಣಗಿದ ಬೇವಿನೆಲೆಯ ವಾಸನೆಯ ನಡುವಿನಿಂದ ನನ್ನ ಮದುವೆಯ ಗದ್ವಾಲ ಸೀರೆ ಹೊರಬಂತು. ಸೊಸೆ ಅದನ್ನು ಬೆಳಕಿಗೆ ಹಿಡಿದು, “ಅತ್ತಿ, ಮೈಯೆಲ್ಲಾ ಜಾಳಾಗೇದ. ಅಂಚು ಕೂಡಿಸಿದ ಜಾಗಾ ಮಾತ್ರ ಒಂದೀಟೂ ಬಿಟ್ಟಿಲ್ಲ ನೋಡ್ರಿ,” ಅಂದಳು. ನಾನು ಸೀರೆಯನ್ನು ಇಸಿದುಕೊಂಡು ಅಲ್ಲೇ ಕೂತುಬಿಟ್ಟೆ.

ಗದ್ವಾಲದ ಸೀರೆ ನೀವು ನೋಡಿರುತ್ತೀರಿ. ಮೈ ಹತ್ತಿಯದು, ಅಂಚು ರೇಷ್ಮೆಯದು. ಆ ಅಂಚನ್ನು ಹೊಲಿಯುವುದಿಲ್ಲ, ಮಗ್ಗದ ಮೇಲೇ ಕೂಡಿಸುತ್ತಾರೆ. ಅದಕ್ಕೆ ಮೂರು ಲಾಳಿ ಬೇಕು, ಇಬ್ಬರು ಬೇಕು. ಒಬ್ಬರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಅಂಚಿನ ಲಾಳಿಯನ್ನು ಹಿಡಿದು ಮರಳಿಸುತ್ತಾರೆ, ಒಂದೊಂದು ಎಳೆಗೂ. ಗದ್ವಾಲದ ನನ್ನ ತವರುಮನೆಯ ಹಿತ್ತಲ ಬಾಗಿಲು ನೇಕಾರರ ಓಣಿಗೆ ತೆರೆಯುತ್ತಿತ್ತು. ಬಾಗಿಲ ಎದುರಿನ ಮನೆಯಲ್ಲಿ ಈ ಕೆಲಸವನ್ನು ಇಬ್ಬರು ಹೆಂಗಸರು ಮಾಡುತ್ತಿದ್ದರು, ಈರಮ್ಮ ಮತ್ತು ಲಚ್ಚಮ್ಮ.

ಹೆಂಗಸರು ಕುಣಿಗೆ ಇಳಿಯುವ ರೂಢಿ ಆಗ ಇರಲಿಲ್ಲ. ಅವರದು ಲಾಳಿಯೊಳಗಿನ ಕಡ್ಡಿಗೆ ನೂಲು ಸುತ್ತುವ, ಅಂದರೆ ಕಂಡಿಕೆ ಸುತ್ತುವ ಕೆಲಸ. ನಿಜಾಮರ ರಾಜ್ಯದ ಕಡೆಯ ದಿನಗಳಲ್ಲಿ, ಗಲಾಟೆಗೆ ಹೆದರಿ ಓಣಿಯ ಗಂಡಸರೆಲ್ಲ ತುಂಗಭದ್ರೆ ದಾಟಿ ಕರ್ನೂಲಿನ ಕಡೆ ಹೋದಾಗ, ಹೊಟ್ಟೆಪಾಡಿಗಾಗಿ ಈರಮ್ಮ ಸತ್ತ ಗಂಡನ ಮಗ್ಗಕ್ಕೆ ಇಳಿದಳು. ಪಕ್ಕದಲ್ಲಿ ಕೂರಲು ಒಂದು ಜನ ಬೇಕಿತ್ತು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡಿದ್ದ ಲಚ್ಚಮ್ಮ ಬಂದು ಕೂತಳು.

ನಾನು ಪಾಟಿ ಹಿಡಿದು ಅವರ ಹೊಸ್ತಿಲ ಕಲ್ಲಿನ ಮೇಲೆ ಕೂರುತ್ತಿದ್ದೆ. ಮಗ್ಗಿ ಬರೆದದ್ದು ಕಡಿಮೆ, ಬಾಯಿಬಿಟ್ಟು ನೋಡಿದ್ದೇ ಹೆಚ್ಚು. ಅವರು ಮಾತಾಡುತ್ತಲೇ ಇರಲಿಲ್ಲ. ಈರಮ್ಮ ಕೈ ಚಾಚುವ ಮೊದಲೇ ಲಾಳಿ ಅಲ್ಲಿರುತ್ತಿತ್ತು. ನಡುವೆ ಲಚ್ಚಮ್ಮ ತನ್ನ ಸೆರಗಿನಿಂದ ಈರಮ್ಮನ ಹಣೆಯ ಬೆವರು ಒರೆಸುವಳು, ಈರಮ್ಮ ತಲೆ ಎತ್ತದೆ ನಗುವಳು. ನನಗೆ ಮೈ ಜುಮ್ಮೆನ್ನುತ್ತಿತ್ತು. ಗುಡಿಯಲ್ಲಿ ಅಪ್ಪ ಮಂಗಳಾರತಿ ಎತ್ತಿದಾಗಲೂ ಹಾಗೆ ಆದದ್ದಿಲ್ಲ. ಅರ್ಚಕರ ಮಗಳು ಹೇಳಬಾರದ ಮಾತು, ಆದರೂ ಹೇಳಿದೆ.

ಪೋಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು, ಗಂಡಸರು ಮರಳಿ ಬಂದರು, ಕುಣಿಗೆ ಇಳಿದಿದ್ದ ಹೆಂಗಸರೆಲ್ಲ ಕಂಡಿಕೆಗೆ ಮರಳಿದರು. ಈ ಇಬ್ಬರು ಮರಳಲಿಲ್ಲ. ಆಗ ಮಕ್ತಲದಿಂದ ಲಚ್ಚಮ್ಮನ ಅಣ್ಣ ಬಂದ. ಅಲ್ಲೊಬ್ಬ ಹೆಂಡತಿ ಸತ್ತವನಿಗೆ ಅವಳನ್ನು ಮರುಮದುವೆ ಮಾಡಿಕೊಡುವ ಮಾತಾಗಿತ್ತು. ಅವಳು ಒಲ್ಲೆ ಎಂದಳು. ಕಟ್ಟೆಯ ಮೇಲೆ ಹಿರಿಯರು ಸೇರಿದರು. ನಾನು ಕಂಬದ ಹಿಂದೆ ನಿಂತಿದ್ದೆ. ದೊಡ್ಡವರ ಮಾತಿಗೆ ಕಿವಿಗೊಡುವ ಚಟ ನನಗೆ ಇವತ್ತಿಗೂ ಹೋಗಿಲ್ಲ.

“ಯಾಕ ಒಲ್ಲಿಯವ್ವಾ?” ಎಂದು ಹಿರಿಯ ನೇಕಾರ ಸಾಬಣ್ಣ ಕೇಳಿದ.

“ನಾ ಈರಕ್ಕನ ಕೂಡ ಇರ್ತೀನ್ರೀ. ಬ್ಯಾರೇ ಯಾರ ಕೂಡಾನೂ ಇರಾಕ ಒಲ್ಲೆ,” ಅಂದಳು ಲಚ್ಚಮ್ಮ.

“ಹೆಂಗಸಿನ ಕೂಡ ಹೆಂಗಸು ಬಾಳೇವು ಮಾಡಾಕ ಆಗ್ತೈತೇನು?” ಅಣ್ಣ ರೇಗಿದ. ಸುತ್ತ ನಿಂತವರು ನಕ್ಕರು. ಲಚ್ಚಮ್ಮನ ಮುಖ ಕಪ್ಪಿಟ್ಟಿತು.

ಈರಮ್ಮ ಎದ್ದು ನಿಂತಳು. “ಮಗ್ಗದ ಮ್ಯಾಲ ಅರ್ಧಾ ಸೀರಿ ಐತ್ರೀ, ಯಣ್ಣಾ. ನಡುವ ಕೈ ಬದಲಿ ಮಾಡು ಅಂತೀರೇನು?”

ನಗು ನಿಂತಿತು. ಕಟ್ಟೆಯ ಮೇಲಿದ್ದವರೆಲ್ಲ ನೇಕಾರರೇ. ಒಬ್ಬೊಬ್ಬರ ಕೈಯ ಪೆಟ್ಟು ಒಂದೊಂದು ಥರ. ನಡುವೆ ಕೈ ಬದಲಾದರೆ ಕೂಡಿಸಿದ ಜಾಗ ಎದ್ದು ಕಾಣುತ್ತದೆ. ಅದಕ್ಕೇ ಮಗ್ಗಕ್ಕೆ ಬಿಗಿದ ಉದ್ದೆಳೆ, ಅದನ್ನೇ ಹಾಸು ಎನ್ನುವುದು, ಮುಗಿಯುವ ತನಕ ಅದೇ ಜೋಡಿ ಕೂರಬೇಕೆಂಬುದು ಅವರ ಕಟ್ಟಳೆ. ಸಾಬಣ್ಣ ಮೀಸೆ ಸವರಿಕೊಂಡ. “ಆಕಿ ಅಂದದ್ದು ಖರೇ ಐತಿ. ಹಾಸು ಮುಗೀಲಿ, ಆಮ್ಯಾಲ ಕರಕೊಂಡು ಹೋಗಪಾ. ಇದ ಫೈಸಲಾ.”

ಇಲ್ಲಿ ನೇಕಾರರ ಇನ್ನೊಂದು ಪದ್ಧತಿ ಹೇಳಬೇಕು. ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಬಿಚ್ಚುವುದಿಲ್ಲ. ಗೇಣುದ್ದ ಉಳಿಸಿ, ಹಳೆಯ ಒಂದೊಂದು ಎಳೆಯ ತುದಿಗೆ ಹೊಸ ಎಳೆಯನ್ನು ಬೆರಳಿನಲ್ಲಿ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹೀಗೆ ಕೆಚ್ಚುತ್ತ ಹೋದರೆ ಹಾಸು ಮುಗಿಯುವುದೇ ಇಲ್ಲ. ಮರುದಿನದಿಂದಲೇ ಅವರಿಬ್ಬರೂ ಹೊಸ ನೂಲು ತರಿಸಿ ಅಣಿ ಮಾಡಿಟ್ಟುಕೊಂಡರು. ಹಾಸು ತುದಿಗೆ ಬಂದ ದಿನ ಎದುರುಬದುರು ಕೂತು ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೆಚ್ಚಿದರು.

ತಿಂಗಳು ಬಿಟ್ಟು ಅಣ್ಣ ಬಂದ. ಮಗ್ಗ ತುಂಬಿಕೊಂಡಿತ್ತು. ಮೋಸ ಎಂದು ಕೂಗಾಡಿ ಸಾಬಣ್ಣನನ್ನು ಎಳೆದುಕೊಂಡು ಬಂದ. ಸಾಬಣ್ಣ ಬಗ್ಗಿ, ಕೆಚ್ಚಿದ ಸಾಲಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತ. ಜೀವಮಾನವೆಲ್ಲ ನೇಯ್ದವನಿಗೆ ಗೊತ್ತಾಗದೆ ಇರುತ್ತದೆಯೇ? ಕಡೆಗೆ ನೆಟ್ಟಗಾಗಿ, “ಹಾಸು ಇನ್ನಾ ಐತಲ್ಲಪಾ,” ಅಂದ. ಆಮೇಲೆ ಎರಡು ಸಲ ಬಂದು ಹೋದ ಅಣ್ಣ ಬರುವುದನ್ನೇ ಬಿಟ್ಟ. ಈರಮ್ಮ ಮುದುಕಿಯಾಗಿ ಸಾಯುವ ತನಕ ಆ ಹಾಸು ಮುಗಿಯಲಿಲ್ಲ. ಓಣಿ ಅವರನ್ನು ‘ಜೋಡಿ ಕೈ’ ಎಂದು ಮರ್ಯಾದೆಯಿಂದ ಕರೆಯಿತು.

ನನಗೆ ಮಗ್ಗ ಇರಲಿಲ್ಲ. ಹದಿನಾರರಲ್ಲಿ ಪಕ್ಕದ ಬೀದಿಯ ಗೆಳತಿ ಸುಶೀಲ ಒಂದು ದಿನ ಬರದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವಳ ಜಡೆ ಹೆಣೆದು, ಬಿಡಲು ಮನಸ್ಸಾಗದೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ. ಅದನ್ನು ನೋಡಿದ ದಿನ ಅವ್ವ, “ಏನ ಹುಚ್ಚು ಹಿಡದದ ನಿನಗ? ಮದುವಿ ಆತಂದ್ರ ಎಲ್ಲಾ ಇಳೀತದ,” ಅಂದಳು. ನಾನು ನಂಬಿದೆ. ಎದುರಿಗೇ ಅವರಿಬ್ಬರು ಇದ್ದರಲ್ಲ, ನಿನಗೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಾಣಲಿಲ್ಲ. ಊರು ಅವರದನ್ನು ಕಸುಬು ಎಂದಿತು, ನಾನೂ ಕಸುಬನ್ನೇ ಕಂಡೆ. ಅವ್ವ ನನ್ನದನ್ನು ಹುಚ್ಚು ಎಂದಳು, ನಾನೂ ಹುಚ್ಚೆಂದೇ ತಿಳಿದೆ. ನನ್ನ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಬೇರೆಯವರು ಹೇಳಿಕೊಟ್ಟದ್ದೇ. ನನ್ನ ಗಂಡ ಒಳ್ಳೆಯವರು, ಅವರ ಮೇಲೆ ದೂರಿಲ್ಲ. ಆದರೆ ಅವ್ವ ಹೇಳಿದಂತೆ ಏನೂ ಇಳಿಯಲಿಲ್ಲ.

ಅವರಿಬ್ಬರೂ ನೇಯ್ದ ಈ ಸೀರೆಯನ್ನು ಮದುವೆಗೆ ತಂದವಳು ಲಚ್ಚಮ್ಮ. ಮನೆ ತುಂಬ ಜನ, ಅಳುತ್ತಿದ್ದ ನನಗೆ ಎಲ್ಲರೂ ಬುದ್ಧಿ ಹೇಳುವವರೇ. ಅವಳು ಸೀರೆಯನ್ನು ನನ್ನ ಮಡಿಲಿಗಿಟ್ಟು, ಸುತ್ತ ನೋಡಿ, ಮೆಲ್ಲಗೆ, “ಸುಶೀಲವ್ವಾರು ಬಂದಿಲ್ಲೇನ್ರಿ, ಯವ್ವಾ?” ಅಂದಳು. ಅವಳನ್ನು ಕರೆದಿಲ್ಲ ಎಂದೆ. ಲಚ್ಚಮ್ಮ ಒಮ್ಮೆ ನನ್ನ ಹಣೆಯನ್ನು ತನ್ನ ಸೆರಗಿನಿಂದ ಒರೆಸಿ ಹೋದಳು. ಆ ಒರೆಸುವಿಕೆಯ ಅರ್ಥ ಮೊನ್ನೆ, ಬಿಸಿಲಿನಲ್ಲಿ, ಈ ಸೀರೆ ಹಿಡಿದು ಕೂತಾಗ ನನಗೆ ಹೊಳೆಯಿತು. ಎಷ್ಟು ದಡ್ಡಿ ನೋಡಿ ನಾನು. ನನ್ನನ್ನು ನನಗಿಂತ ಮೊದಲು ತಿಳಿದವಳು ಒಬ್ಬಳಿದ್ದಳು ಎಂದು ಕಣ್ಣು ತುಂಬಿ ಬಂತು.

ಸುಶೀಲ ಈಗ ನಾರಾಯಣಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಯಾರದೋ ಮುಂಜಿಯಲ್ಲಿ ಸಿಕ್ಕ ಅವಳ ನಂಬರು ವರ್ಷಗಟ್ಟಲೆ ನನ್ನ ಪಂಚಾಂಗದೊಳಗೇ ಇತ್ತು. ಆಗಲೇ ಸೊಸೆಗೆ ಹೇಳಿ ಫೋನು ಹಚ್ಚಿಸಿದೆ. ಅತ್ತಲಿಂದ “ಯಾರು?” ಎಂಬ ದನಿ ಬಂದಾಗ, ಅಂದುಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು.

“ಸುಶೀ, ನಾನು. ನಮ್ಮದು ಹುಚ್ಚು ಅಲ್ಲ ಅಂತ ನನಗ ಇವತ್ತ ತಿಳೀತು ನೋಡಽ.”

ಸುಶೀಲ ಅಂದಳು: “ನನಗ ಆವಾಗೇ ಗೊತ್ತಿತ್ತು. ಯಾವ ಬಸ್ಸಿಗೆ ಬರ್ತಿ?”